ಸೇವ್ ಒತ್ತಿದರೆ ಏನು ಸೇವ್ ಆಗುತ್ತೆ? ನಾಲ್ಕು ವರ್ಷ ಬಳಸಿದವನ ಮಾತು

ಈ ವೆಬ್ ಡಿಸೈನ್ ಸಾಫ್ಟ್‌ವೇರನ್ನು ನಾಲ್ಕು ವರ್ಷದಿಂದ ಹೆಚ್ಚುಕಡಿಮೆ ದಿನಾ ಬಳಸುತ್ತಿದ್ದೇನೆ. ಪುಟ ಕಟ್ಟೋದು ಇದರಲ್ಲಿ ಸಲೀಸು, ಅದರ ಬಗ್ಗೆ ತಕರಾರಿಲ್ಲ. ನನ್ನ ಸಿಟ್ಟೆಲ್ಲ ಸೇವ್ ಮತ್ತು ಪ್ರಿವ್ಯೂ ಮೇಲೆ.

ಕಂಟ್ರೋಲ್ ಎಸ್ ಒತ್ತಿದರೆ ಸೇವ್ ಆಗೋದು ಇದರದ್ದೇ ಆದ ಪ್ರಾಜೆಕ್ಟ್ ಫೈಲ್ ಮಾತ್ರ. ಬ್ರೌಸರ್ ಓದುವ ಎಚ್‌ಟಿಎಂಎಲ್ (ಪುಟದ ವಿಷಯ), ಸಿಎಸ್‌ಎಸ್ (ಅದರ ಅಂದಚೆಂದ) ಫೈಲ್‌ಗಳು ಹಳೆಯವೇ ಉಳಿಯುತ್ತವೆ, ಅವಕ್ಕೆ ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಬೇಕು, ಅಂದರೆ ಪ್ರಾಜೆಕ್ಟಿನಿಂದ ಅವನ್ನು ಹೊಸದಾಗಿ ಬರೆಸಬೇಕು. ಹೊಸಬರಿಗೆ ಇದು ಹೇಗೆ ಗೊತ್ತಾಗಬೇಕು? ಶುರುವಿನಲ್ಲಿ ಒಂದು ಸಂಜೆ ಪೂರ್ತಿ ಕೂತು ಮೆನು ತಿದ್ದಿದ್ದೆ. ಸೇವ್ ಮಾಡಿ, ಫೋಲ್ಡರನ್ನು ಸರ್ವರ್‌ಗೆ ಹಾಕಿ ನೋಡಿದರೆ ಹಳೇ ಮೆನು. ಬ್ರೌಸರ್ ಕ್ಯಾಶ್‌ನಲ್ಲಿ, ಅಂದರೆ ಅದು ಇಟ್ಟುಕೊಳ್ಳುವ ನಕಲುಗಳಲ್ಲಿ, ಹಳೇದು ಉಳಿದಿರಬೇಕು ಅಂದುಕೊಂಡು, ಅದನ್ನು ಬಿಟ್ಟು ಪುಟವನ್ನು ಹೊಸದಾಗಿ ತರಿಸೋಕೆ ಕಂಟ್ರೋಲ್ ಶಿಫ್ಟ್ ಆರ್ ಒತ್ತಿದೆ, ಬೇರೆ ಬ್ರೌಸರ್‌ನಲ್ಲಿ ತೆರೆದೆ, ಫೋನಿನಲ್ಲೂ ನೋಡಿದೆ, ಎಲ್ಲಾ ಕಡೆ ಅದೇ. ಕೊನೆಗೆ ಎಚ್‌ಟಿಎಂಎಲ್ ಫೈಲಿನ ತಾರೀಖು ನೋಡಿದಾಗ ಗೊತ್ತಾಯಿತು, ಅದು ಮೂರು ದಿನದ ಹಿಂದಿನದು.

ಪ್ರಿವ್ಯೂ ಇನ್ನೂ ಕಷ್ಟ. ಅದು ನಾವು ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ತೋರಿಸೋದಿಲ್ಲ, ತಾತ್ಕಾಲಿಕ ಫೈಲ್‌ಗಳ ಟೆಂಪ್ ಫೋಲ್ಡರ್‌ನಲ್ಲಿ ಬೇರೆ ಒಂದು ನಕಲು ಮಾಡಿ ಅದನ್ನು ತೋರಿಸುತ್ತೆ. ಚಿತ್ರಗಳನ್ನು ನಮ್ಮ ಸಿ ಡ್ರೈವ್‌ನಿಂದ ನೇರವಾಗಿ ಎತ್ತಿಕೊಳ್ಳುತ್ತೆ. ಹಾಗಾಗಿ ಅಲ್ಲಿ ಎಲ್ಲಾ ಚೆನ್ನಾಗಿ ಕಾಣುತ್ತೆ, ಅಪ್‌ಲೋಡ್ ಮಾಡಿದ ಮೇಲೆ ಚಿತ್ರ ಇರಬೇಕಾದ ಜಾಗ ಖಾಲಿ. ಸಿ ಡ್ರೈವ್ ಇರೋದು ನನ್ನ ಕಂಪ್ಯೂಟರಿನಲ್ಲಿ ಮಾತ್ರ, ಅಲ್ವಾ? ಫೈಲ್ ಹೆಸರಿನದ್ದೂ ಇದೇ ಕಥೆ. ಇಂಗ್ಲಿಷ್‌ನ ದೊಡ್ಡಕ್ಷರ, ಚಿಕ್ಕಕ್ಷರ ಯಾವುದಾದರೂ ವಿಂಡೋಸ್ ಸಾಮಾನ್ಯವಾಗಿ ಒಂದೇ ಅಂತ ನೋಡುತ್ತೆ, ಲಿನಕ್ಸ್ ಸರ್ವರ್‌ಗೆ ಅವು ಎರಡು ಬೇರೆ ಬೇರೆ ಫೈಲು. ಕೊಂಡಿಯಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಾದರೂ ಚಿತ್ರ ಸಿಗೋದಿಲ್ಲ. ಪ್ರಿವ್ಯೂ ಇದರ ಬಗ್ಗೆ ಒಂದು ಎಚ್ಚರಿಕೆಯನ್ನೂ ಕೊಡೋದಿಲ್ಲ. ಇದನ್ನು ಹುಡುಕುತ್ತಾ ನಾನು ಕಳೆದ ಗಂಟೆಗಳನ್ನು ನೆನೆದರೆ ಈಗಲೂ ಬೇಜಾರಾಗುತ್ತೆ.

ಈಗ ನಾನು ಅದರ ಪ್ರಿವ್ಯೂ ಮುಟ್ಟೋದೇ ಇಲ್ಲ. ಎಕ್ಸ್‌ಪೋರ್ಟ್ ಮಾಡ್ತೀನಿ, ಆ ಫೋಲ್ಡರ್‌ನಲ್ಲಿ ನನ್ನ ಕಂಪ್ಯೂಟರಿನಲ್ಲೇ ಒಂದು ಚಿಕ್ಕ ಲೋಕಲ್ ಸರ್ವರ್ ಓಡಿಸಿ, ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ಅನ್ನೋ ವಿಳಾಸದಲ್ಲಿ ತೆರೆದು ನೋಡ್ತೀನಿ. ಪುಟ ಪರೀಕ್ಷಿಸೋಕೆ ಬ್ರೌಸರ್‌ನಲ್ಲೇ ಇರುವ ಡೆವಲಪರ್ ಟೂಲ್ಸ್ ತೆರೆದಿಟ್ಟು ಕ್ಯಾಶ್ ಆಫ್ ಮಾಡಿರ್ತೀನಿ, ಯಾವ ಫೈಲ್ ಸಿಕ್ಕಿಲ್ಲವೋ ಅದರ ಮುಂದೆ 404 ಅಂತ ಕಾಣುತ್ತೆ. ಚಿತ್ರಗಳನ್ನು ಮೊದಲೇ ಪ್ರಾಜೆಕ್ಟ್ ಫೋಲ್ಡರ್ ಒಳಗೆ ಹಾಕಿಕೊಂಡು, ಹೆಸರುಗಳನ್ನೆಲ್ಲ ಚಿಕ್ಕಕ್ಷರದಲ್ಲಿ, ನಡುವೆ ಜಾಗ ಬಿಡದೆ ಇಡ್ತೀನಿ. ಇಷ್ಟು ಮಾಡಿದ ಮೇಲೆ ತೊಂದರೆ ಬಹಳ ಕಮ್ಮಿಯಾಗಿದೆ. ಆದರೆ ಇದು ಸಾಫ್ಟ್‌ವೇರ್ ಮಾಡಬೇಕಾದ ಕೆಲಸ, ದುಡ್ಡು ಕೊಟ್ಟವರು ಮಾಡೋದಲ್ಲ.

ಎರಡು ಸಲ ದೊಡ್ಡ ಅಪ್‌ಡೇಟ್ ಬಂತು. ಹೊಸ ಬಣ್ಣ, ಹೊಸ ಐಕಾನ್, ಟೆಂಪ್ಲೇಟ್‌ಗಳು ಬಂದವು. ಸೇವ್ ಬಟನ್ ಪಕ್ಕ "ಎಕ್ಸ್‌ಪೋರ್ಟ್ ಇನ್ನೂ ಆಗಿಲ್ಲ" ಅನ್ನೋ ಒಂದು ಸಾಲು ಬರಲಿಲ್ಲ. ಎರಡು ಸಲವೂ ಬರೆದು ಕೇಳಿದ್ದೇನೆ. ಐದಕ್ಕೆ ಎರಡು ಸ್ಟಾರ್ ಕೊಡ್ತೀನಿ, ಆ ಎರಡೂ ಪುಟ ಕಟ್ಟುವ ಭಾಗಕ್ಕೆ.