ಸೀ ಆಫ್ ಸ್ಟಾರ್ಸ್: ದುಡ್ಡು ಕೊಡಬಹುದಾ?

ಕೆನಡಾದ ಸಾಬೊಟಾಜ್ ಸ್ಟುಡಿಯೋ 2023ರಲ್ಲಿ ತಂದ ಈ ಸರದಿ ಕಾಳಗದ ವಿಡಿಯೋ ಗೇಮ್‌ನ ಜೀವ ಇರುವುದು ‘ಲಾಕ್’ಗಳಲ್ಲಿ. ಶತ್ರು ದೊಡ್ಡ ಮಂತ್ರಕ್ಕೆ ಅಣಿಯಾದಾಗ ಅದರ ಮೇಲೆ ಸೂರ್ಯ, ಚಂದ್ರ, ಕತ್ತಿಯಂಥ ಗುರುತುಗಳು, ಜೊತೆಗೆ ಉಳಿದ ಸರದಿಗಳ ಎಣಿಕೆ ಕಾಣುತ್ತದೆ. ಅಷ್ಟರೊಳಗೆ ಅದೇ ಬಗೆಯ ಪೆಟ್ಟುಗಳಿಂದ ಎಲ್ಲವನ್ನೂ ಒಡೆದರೆ ಮಂತ್ರವೇ ರದ್ದು. ಕೆಲವನ್ನು ಒಡೆದರೂ ಏಟು ತಗ್ಗುತ್ತದೆ. ಪೆಟ್ಟು ತಾಗುವ ಕ್ಷಣಕ್ಕೇ ಬಟನ್ ಒತ್ತಿದರೆ ಹಾನಿ ಹೆಚ್ಚು, ನಮಗೆ ಬೀಳುವಾಗ ಒತ್ತಿದರೆ ಕಡಿಮೆ. ಹೊಸಬರು ಎಡವುವುದು ಎಂಪಿಯಲ್ಲಿ, ಅಂದರೆ ವಿಶೇಷ ಪೆಟ್ಟುಗಳಿಗೆ ಖರ್ಚಾಗುವ ಶಕ್ತಿಯಲ್ಲಿ. ಅದು ಬೇಗ ಮುಗಿಯುತ್ತದೆ, ಸಾಮಾನ್ಯ ಪೆಟ್ಟು ಹೊಡೆದೇ ತುಂಬಿಸಿಕೊಳ್ಳಬೇಕು. ಚೇತರಿಸಿಕೊಳ್ಳಲು ಬೇಯಿಸಿದ ತಿನಿಸು 10ಕ್ಕಿಂತ ಹೆಚ್ಚು ಒಯ್ಯಲಾಗದು. ಕಷ್ಟವಾದರೆ ಆಟವನ್ನು ಸುಲಭ ಮಾಡುವ ‘ರೆಲಿಕ್’ ಎಂಬ ವಸ್ತು ಹಾಕಿಕೊಳ್ಳಿ, ನಾಚಿಕೆ ಬೇಡ.

ಪಿಕ್ಸೆಲ್ ಚಿತ್ರ, ಬೆಳಕು ನಿಜಕ್ಕೂ ಚಂದ ಉಂಟು. ಸಂಭಾಷಣೆ ಮಾತ್ರ ಸಪ್ಪೆ. ಪಾತ್ರವನ್ನು ತಮ್ಮಿಷ್ಟದಂತೆ ಕಟ್ಟಿ ಬೆಳೆಸುವ ಹುಚ್ಚಿನವರಿಗೆ ಇದು ಬೇಡ, ಆಯ್ಕೆಗಳು ತೀರಾ ಕಮ್ಮಿ.

ಮಳೆಗೆ ಡಿಸಿ ರಜೆ ಕೊಟ್ಟ ದಿನ ಮಂಗಳೂರಿನ ಮನೆಗಳಲ್ಲಿ ಮಕ್ಕಳಿಗೆ ಒಳ್ಳೆಯದು: 2024ರ ಅಪ್‌ಡೇಟ್ ನಂತರ ಮೂವರು ಒಟ್ಟಿಗೆ ಆಡಬಹುದು. ಕನ್ನಡ ಪಠ್ಯ ಇಲ್ಲ, ಚಿಕ್ಕವರಿಗೆ ಯಾರಾದರೂ ಓದಿ ಹೇಳಬೇಕು.

ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡರೆ 14 ದಿನದೊಳಗೆ, ಆಡಿದ್ದು 2 ಗಂಟೆ ದಾಟದಿದ್ದರೆ ಹಣ ವಾಪಸ್ ಕೇಳಬಹುದು. ಆರಂಭ ನಿಧಾನ; ಮಾತಿನಲ್ಲೇ ಆ ಸಮಯ ಕಳೆಯದೆ ನಾಲ್ಕಾರು ಕಾಳಗ ಆಡಿ ನೋಡಿ.