ವಿಮಾನ ದೂರ ತಿಳಿಸುವ ಆ್ಯಪ್: ದೂರಕ್ಕೆ ನಂಬಬಹುದು, ಸಮಯಕ್ಕೆ ಸಾಲದು

ಮೈಸೂರಿನಲ್ಲಿರುವ ನನ್ನ ತಾಯಿಯವರು ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಬಂದು ಹೋಗುತ್ತಿರುತ್ತಾರೆ. ಅವರಿಗೆ ಟಿಕೆಟ್ ತೆಗೆಯುವ ಮೊದಲು ಯಾವ ದಾರಿ ಎಷ್ಟು ಉದ್ದ, ಆಕಾಶದಲ್ಲಿ ಎಷ್ಟು ಹೊತ್ತು ಕೂರಬೇಕಾದೀತು ಎಂದು ತಿಳಿಯಲು ಉಚಿತ ಆ್ಯಪ್ ಒಂದನ್ನು 6 ವರ್ಷಗಳಿಂದ ಬಳಸುತ್ತಿದ್ದೇನೆ.

ದೂರದ ಲೆಕ್ಕದಲ್ಲಿ ಇದು ನನ್ನನ್ನು ಎಂದೂ ದಾರಿ ತಪ್ಪಿಸಿಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ. ಎಂದು ತೋರಿಸುತ್ತದೆ, ಭೂಗೋಳದ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಸಿಗುವ ಅತಿ ಹತ್ತಿರದ ದಾರಿಯಿದು. ನಡುವೆ ಇನ್ನೊಂದು ನಿಲ್ದಾಣವನ್ನು ಸೇರಿಸಿ ನೋಡುವ ಸೌಲಭ್ಯವಂತೂ ಬಹಳ ಉಪಯುಕ್ತ. ಹಾಂಗ್‌ಕಾಂಗ್ ಮೂಲಕ ಹೋದರೆ ಸುಮಾರು 15,100, ದುಬೈ ಮೂಲಕ 15,700, ಫ್ರಾಂಕ್‌ಫರ್ಟ್ ಮೂಲಕ 16,500 ಕಿ.ಮೀ. ಆಗುತ್ತದೆ. ಆದರೆ ವಿಮಾನಗಳು ದಾರದ ಗೆರೆಯನ್ನೇ ಹಿಡಿದು ಹಾರುವುದಿಲ್ಲ ಎಂಬುದು ನೆನಪಿರಲಿ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ತಂದ ಏರ್ ಇಂಡಿಯಾ ವಿಮಾನ ಕ್ರಮಿಸಿದ್ದು ಸುಮಾರು 16,000 ಕಿ.ಮೀ.

ನನ್ನ ತಕರಾರು ಇರುವುದು ಸಮಯದ ಬಗ್ಗೆ. ದೂರವನ್ನು ಒಂದೇ ಸರಾಸರಿ ವೇಗದಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ ಉತ್ತರ ಕೊಡುವಂತೆ ಕಾಣುತ್ತದೆ. ಹಾಗಾಗಿ ಹಾಂಗ್‌ಕಾಂಗ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಎತ್ತ ಹೋದರೂ 13 ಗಂಟೆ 30 ನಿಮಿಷವೆಂದೇ ಹೇಳುತ್ತದೆ. ವಾಸ್ತವದಲ್ಲಿ ಪೆಸಿಫಿಕ್ ಸಾಗರದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಕ್ಯಾಲಿಫೋರ್ನಿಯಾಕ್ಕೆ ಬರುವಾಗ ಬೆನ್ನಿಗಿದ್ದು, ಹಿಂದಿರುಗಿ ಹೋಗುವಾಗ ಎದುರಾಗುತ್ತದೆ. ಬರುವ ವಿಮಾನ ಹನ್ನೆರಡೂವರೆ ಗಂಟೆಯ ಆಸುಪಾಸಿನಲ್ಲಿ ಇಳಿದರೆ, ಹೋಗುವ ವಿಮಾನಕ್ಕೆ ಚಳಿಗಾಲದಲ್ಲಿ 15 ಗಂಟೆಯೂ ಹಿಡಿಯಬಹುದು.

ಇದು ನಮಗೆ ಅರಿವಾದದ್ದು ಕಷ್ಟದಿಂದಲೇ. ತಾಯಿಯವರಿಗೆ ಸಕ್ಕರೆ ಕಾಯಿಲೆಯಿದೆ. ಹಿಂದಿರುಗುವ ಪ್ರಯಾಣಕ್ಕೆ ನಾನು ಆ್ಯಪ್ ಹೇಳಿದ ಅವಧಿಯನ್ನು ಹಿಡಿದು, ಇಳಿಯುವ ಮುಂಚಿನ ಊಟದ ವೇಳೆಯನ್ನು ಅಂದಾಜು ಮಾಡಿ, ಮಾತ್ರೆಯ ಸಮಯಗಳನ್ನು ದಪ್ಪ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು ಅವರ ಕೈಚೀಲದಲ್ಲಿ ಇಟ್ಟಿದ್ದೆ. ಅವರು ಚೀಟಿಯಂತೆಯೇ ಮಾತ್ರೆ ನುಂಗಿದರು. ಊಟ ಬಂದದ್ದು ಒಂದು ಗಂಟೆಗೂ ತಡವಾಗಿ. ಅಷ್ಟರಲ್ಲಿ ರಕ್ತದ ಸಕ್ಕರೆ ಇಳಿದು ಕೈ ನಡುಗಿ ಬೆವರು ಬಂದಿತ್ತು. ಚೀಲದಲ್ಲಿದ್ದ ಗ್ಲೂಕೋಸ್ ಬಿಸ್ಕತ್ತು ಆ ಹೊತ್ತಿಗೆ ಅವರನ್ನು ಕಾಪಾಡಿತು.

ಅಂದಿನಿಂದ ಅವಧಿಯನ್ನು ಟಿಕೆಟ್‌ನಲ್ಲಿರುವ ವೇಳೆಯಿಂದಲೇ ಲೆಕ್ಕ ಹಾಕುತ್ತೇನೆ. ಮಾತ್ರೆಯನ್ನು ಗಡಿಯಾರ ನೋಡದೆ ಊಟದ ತಟ್ಟೆ ಎದುರಿಗೆ ಬಂದ ಮೇಲೆಯೇ ತೆಗೆದುಕೊಳ್ಳಲು ವೈದ್ಯರು ತಾಯಿಯವರಿಗೆ ತಿಳಿಸಿದ್ದಾರೆ. ಎರಡೂ ಊರುಗಳ ಗಡಿಯಾರದ ವ್ಯತ್ಯಾಸವನ್ನು ಮಾತ್ರ ಈ ಆ್ಯಪ್ ಸರಿಯಾಗಿಯೇ ನಿಭಾಯಿಸುತ್ತದೆ: ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ಹನ್ನೆರಡೂವರೆ.

ಐದರಲ್ಲಿ ಮೂರು ನಕ್ಷತ್ರ ಕೊಡುತ್ತಿದ್ದೇನೆ. ಹೋಗುವ ದಿಕ್ಕಿಗೊಂದು, ಬರುವ ದಿಕ್ಕಿಗೊಂದು ಅವಧಿಯನ್ನು ತೋರಿಸಿರೆಂದು ತಯಾರಕರಿಗೆ ಎರಡು ಬಾರಿ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.