ಹೊಟ್ಟೆಗೆ ಚೀಲ ಬಂದ ಮೇಲೆ ಯಾರ ಹತ್ತಿರ ಮಾತಾಡಬೇಕು?

ಕ್ಯಾನ್ಸರ್ ಆಪರೇಷನ್ ಆಗಿ ಹೊಟ್ಟೆಗೆ ಸ್ಟೋಮಾ ಚೀಲ (ಹೊಟ್ಟೆಯ ಮೇಲೆ ಮಾಡಿದ ಸ್ಟೋಮಾ ಎಂಬ ತೂತಿನಿಂದ ಮಲ ಅಥವಾ ಮೂತ್ರ ಬಂದು ಸೇರುವ ಚೀಲ) ಬಂದ ಮೇಲೆ ನಮ್ಮ ಕಾಕಾ ಮದುವೆ, ಜಾತ್ರೆ ಎಲ್ಲಾ ಬಿಟ್ಟುಬಿಟ್ಟರು. ವಾಸನೆ ಬಂದೀತು ಎಂಬ ಹೆದರಿಕೆ. ಹುಬ್ಬಳ್ಳಿ-ಧಾರವಾಡದಲ್ಲಿ ಇಂಥವರಿಗೆ ಎರಡು ದಾರಿ: ಆಪ್ತಸಮಾಲೋಚಕರು, ಇಲ್ಲವೇ ಚೀಲದ ಜೊತೆಗೇ ಬದುಕುತ್ತಿರುವ ಇನ್ನೊಬ್ಬರು.

ಶುರುವಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಸರ್ಜನ್ ಅಥವಾ ನರ್ಸ್ ಹತ್ತಿರ ಕೇಳಿ ನೋಡಿ, ಒಪ್ಪುವ ಹಳೆಯ ರೋಗಿ ಇದ್ದರೆ ಭೇಟಿ ಮಾಡಿಸುತ್ತಾರೆ. ಕಾಕಾಗೆ ಸಿಕ್ಕವರು ಅಂಗಿ ಸ್ವಲ್ಪ ಎತ್ತಿ ತಮ್ಮ ಚೀಲ ತೋರಿಸಿದರು. "ಮೂರನೇ ಒಂದು ಭಾಗ ತುಂಬಿದ ಕೂಡಲೇ ಖಾಲಿ ಮಾಡ್ರಿ, ಯಾರಿಗೂ ಗೊತ್ತಾಗೂದಿಲ್ಲ" ಅಂದರು. ಸ್ಟೋಮಾ ಕೆಂಪಗೆ, ಒದ್ದೆಯಾಗಿ ಇರಬೇಕು, ಅದಕ್ಕೆ ನೋವಿನ ನರಗಳಿಲ್ಲ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಕಾಕಾ ನಂಬಿದ್ದು ಮಾತ್ರ ಅವತ್ತು. ಸಂಜೆ ತಾವೇ ಚೀಲ ಬದಲಾಯಿಸಿಕೊಂಡರು. ಅಲ್ಲಿವರೆಗೆ ಕಾಕಿನೇ ಮಾಡುತ್ತಿದ್ದರು.

ಆದರೆ ಅನುಭವದ ಮಾತಿಗೂ ಮಿತಿ ಇದೆ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಸುಮ್ನೆ ಗೋಡೆ ನೋಡುತ್ತಾ ಕೂರುತ್ತಾರೆ, ಹೀಗೇ ಎರಡು ವಾರ ದಾಟಿದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಂಥ ಕಡೆ ಮನೋವೈದ್ಯರಿಗೆ ತೋರಿಸಿ. ಕ್ಯಾನ್ಸರ್ ಮತ್ತೆ ಬಂದೀತೆಂಬ ಭಯ, ಗಂಡ-ಹೆಂಡತಿ ನಡುವಿನ ಸಂಕೋಚ, ಇವನ್ನು ಪರಿಚಯದವರ ಮುಂದೆ ಬಿಚ್ಚಿಡುವುದು ಕಷ್ಟ ಅಲ್ವಾ? ಇಂಥದ್ದಕ್ಕೆ ಆಪ್ತಸಮಾಲೋಚಕರ ಹತ್ತಿರ, ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಹೋಗಿ.

ಗದಗ, ಹಾವೇರಿ ಕಡೆಯವರಿಗೆ ಓಡಾಟ ಜಾಸ್ತಿ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನುವ ಮಾತು ಬಾಯಿಗೆ ಬಂದರಂತೂ ಆಯ್ಕೆ ಮಾಡುತ್ತಾ ಕೂರಬೇಡಿ. ಅವರನ್ನು ಒಬ್ಬರನ್ನೇ ಬಿಡದೆ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.